ಮನೆಯವರು ಎಂದರೆ ಯಾರು

ಹುಬ್ಬಳ್ಳಿ, ಫೆಬ್ರುವರಿ 30, 2247

ಮಾನ್ಯ ನೀಲಗಂಗವ್ವನವರಿಗೆ,

ತಾರೀಖು ತಪ್ಪಿಲ್ಲ. ನಿಮ್ಮ ನಂತರ ಯಾರೋ ತಿಂಗಳುಗಳನ್ನು ಸರಿಮಾಡಿದರು, ಬೇರೇನೂ ಸರಿಹೋಗಲಿಲ್ಲ. ಈ ಓಲೆ ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮ ಕೈಸೇರುತ್ತದೆ, ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಆಸ್ಪತ್ರೆಯ ಹಿಂದಿನ ನಿಮ್ಮ ಮನೆಯನ್ನು ದೂರದಿಂದ ಬರುವ ರೋಗಿಗಳಿಗೂ ಅವರ ಕಡೆಯವರಿಗೂ ತಂಗಲು ಬಿಟ್ಟು ನೀವು ಟ್ರಸ್ಟ್ ಮಾಡಲಿದ್ದೀರಿ. ನಾನು ಅದರ ಈಗಿನ ಟ್ರಸ್ಟಿ. ನಿಮ್ಮ ವಂಶದವನಲ್ಲ. ಹಿಂದಿನವರು ತೀರಿಕೊಂಡರು, ಹೊಣೆ ನನಗೆ ಬಂತು.

ಬಿಸಿಲುಗಂಟೆ ಬಾರಿಸಿ ಬೀದಿಗಳನ್ನು ಮುಚ್ಚುವ ಮೊದಲು ಕೋಣೆಗಳನ್ನು ನೋಡಿ ಬರುತ್ತೇನೆ. ಚಾವಣಿಯ ಪಾಚಿಹೊದಿಕೆಗೆ ನೀರು ಬಿಡಿಸುತ್ತೇನೆ. ಅದು ಒಣಗಿದರೆ ಕೆಳಗೆ ಯಾರೂ ಮಲಗಲಾರರು. ಟ್ರಸ್ಟಿನದು ಬೇರೆ, ನನ್ನದು ಬೇರೆ. ಅಲ್ಲಿನ ಒಲೆಯ ಮೇಲೆ ನನ್ನ ಚಹಾ ಕೂಡ ಕಾಯಿಸುವುದಿಲ್ಲ. ಏನೇ ಆಗುವುದಿದ್ದರೂ ಸಂಬಂಧಪಟ್ಟವರಿಗೆಲ್ಲ ಕಿವಿಯೋಲೆ ಕಳಿಸುತ್ತೇನೆ. ನಿಮ್ಮಲ್ಲಿ ಅದು ಒಡವೆ. ನಮ್ಮಲ್ಲಿ ನೇರ ಕಿವಿಯೊಳಗೆ ಮಾತನಾಡುವ ನೋಟಿಸು, ಕೇಳಿಸಲಿಲ್ಲ ಎನ್ನಲು ಬರುವುದಿಲ್ಲ. ಯಾರ ಪಕ್ಷವನ್ನೂ ವಹಿಸದಿರುವುದೇ ದೊಡ್ಡ ಕೆಲಸ. ಅದೀಗ ಸ್ವಭಾವವೇ ಆಗಿಬಿಟ್ಟಿದೆ. ಊಟಕ್ಕೆ ಏನು ಬೇಕೆಂದು ಮನೆಯಲ್ಲಿ ಕೇಳಿದರೂ ಹೇಳಲಾರೆ.

ನಿಮ್ಮ ಟ್ರಸ್ಟ್ ಪತ್ರದಲ್ಲಿ ಹೀಗಿದೆ: ‘ನಮ್ಮ ಮನೆಯವರು ಬೇಡವೆನ್ನುವ ತನಕ ಈ ಕೋಣೆಗಳು ನಡೆಯತಕ್ಕದ್ದು. ಆಮೇಲೆ ಮನೆ ವಂಶದವರಿಗೆ.’ ಈಗ ವಂಶದವರೆಲ್ಲ ಒಟ್ಟಾಗಿ ಬೇಡವೆಂದಿದ್ದಾರೆ. ಮನೆಯವರು ಎಂದರೆ ಮನೆಮಂದಿ ಎಂಬುದು ಅವರ ವಾದ. ಅದು ಸರಿಯಾದರೆ ಸೋಮವಾರ ನಾನು ಕೋಣೆಗಳನ್ನು ಖಾಲಿ ಮಾಡಿಸಬೇಕು. ಆದರೆ ನಿಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳದೆ ‘ನಮ್ಮ ಮನೆಯವರು’ ಎನ್ನುತ್ತಾರೆ. ಹೇಳಬಾರದ ಮಾತು, ಹೇಳುತ್ತೇನೆ: ನಿಮ್ಮ ಯಜಮಾನರು ಒಮ್ಮೆಯೂ ಬೇಡವೆನ್ನದೆ ತೀರಿಕೊಳ್ಳುತ್ತಾರೆ. ನೀವು ಅವರನ್ನೇ ಕುರಿತು ಬರೆದದ್ದಾದರೆ, ಬೇಡವೆನ್ನುವ ಅಧಿಕಾರ ಇನ್ನು ಯಾರಿಗೂ ಇಲ್ಲ, ಕೋಣೆಗಳು ಉಳಿಯುತ್ತವೆ. ವ್ಯಾಕರಣವೂ ನೆರವಿಗೆ ಬರಲಿಲ್ಲ. ಒಬ್ಬರಿಗೆ ಕೊಡುವ ಗೌರವಕ್ಕೂ ಹಲವರ ಗುಂಪಿಗೂ ನಮ್ಮ ಭಾಷೆಯಲ್ಲಿ ಒಂದೇ ರೂಪ.

ಮುಂಬದಿಯ ಕೋಣೆಯಲ್ಲಿ ನರಗುಂದದ ಫಾತಿಮಾಬಿ ಇದ್ದಾರೆ. ಗಂಡನಿಗೆ ಮೂತ್ರಪಿಂಡ ಕೆಟ್ಟಿದೆ, ರಕ್ತ ಶುದ್ಧಿ ಮಾಡಿಸಲು ಆಸ್ಪತ್ರೆಗೆ ಹೋಗಿಬರುತ್ತಿರಬೇಕು. ಕಿವಿಯೋಲೆ ಕೇಳಿದವರೇ ನನ್ನನ್ನು ಬಾಗಿಲಲ್ಲಿ ತಡೆದರು. “ಆ ಅವ್ವನ ಮನಿಯವ್ರು ಬ್ಯಾಡಂದ್ರ, ನಮ್ಮ ಮನಿಯವ್ರು ಎಲ್ಲಿ ಮಲಗಬೇಕ್ರಿ ಸಾಹೇಬ್ರ? ನಿಮ್ಮ ತಲಿ ಮ್ಯಾಲ?” ಎಂದರು. ಒಳಗೆ ಆ ಮನುಷ್ಯ ನಕ್ಕಿದ್ದು ಕೇಳಿಸಿತು. ನಗು ಕೆಮ್ಮಾಯಿತು.

ಅವರಿಗೆ ಒಳ್ಳೆಯದಾಗುವಂತೆ ಆ ಪದವನ್ನು ಓದಲು ನನಗೆ ಆಸೆ. ಆಸೆ ಇರುವುದರಿಂದಲೇ ನನ್ನ ಓದನ್ನು ನಂಬಲಾರೆ. ನಾನು ನಡೆಸಬೇಕಾದದ್ದು ನಿಮ್ಮ ಇಚ್ಛೆಯನ್ನು, ನನ್ನ ಕನಿಕರವನ್ನಲ್ಲ. ಈ ಕೆಲಸದ ದಣಿವು ಅಲ್ಲಿಂದ ಬರುತ್ತದೆ.

ನೀವಿನ್ನೂ ಸಹಿ ಹಾಕಿಲ್ಲ. ಮನೆಮಂದಿ ಎಂದೇ ನಿಮ್ಮ ಮನಸ್ಸಿನಲ್ಲಿದ್ದರೆ ಹಾಗೆಯೇ ಬಿಡಿಸಿ ಬರೆಯಿರಿ. ಫಾತಿಮಾಬಿಯವರ ಹಾಸಿಗೆಯನ್ನು ನಾನೇ ಸುತ್ತಿಕೊಡುತ್ತೇನೆ. ಯಜಮಾನರೆಂದಿದ್ದರೆ ಅವರ ಹೆಸರು ಬರೆಯಿರಿ. ಬಾಯಿಬಿಟ್ಟು ಹೇಳಬೇಕಿಲ್ಲ. ಬರೆಯಲೂ ಸಂಕೋಚವಾದರೆ, ಪಕ್ಕದಲ್ಲೇ ಕುಳಿತಿದ್ದಾರಲ್ಲ, ಪೆನ್ನು ಅವರ ಕೈಗೆ ಕೊಡಿ.

ನಿಮ್ಮ ಮಾತಿಗೆ ಕಾದಿರುವ,
ಇಂದುಧರ