ಬೆಗೋನಿಯಾದ ಎಲೆ

ಸಂತಪುರ
ಜುಲೈ ೧೪

ನೌಬಾದದ ನರ್ಸರಿಯ ಜಹೀರೋದ್ದೀನ ಚಾಚಾ ಅವರಿಗೆ ಸರಿತಾಳ ನಮಸ್ಕಾರ.

ಕಳೆದ ತಿಂಗಳು ನೀವು ಕೊಟ್ಟ ಬೆಗೋನಿಯಾ ಚೆನ್ನಾಗಿದೆ. ಕಾಡಿನ ನೆರಳಲ್ಲಿ ಬೆಳೆಯುವ ಗಿಡ, ಬಿಸಿಲಿಗೆ ಇಡಬೇಡ ಎಂದಿದ್ದಿರಿ. ಅದಕ್ಕೇ ಅವ್ವನ ಮಂಚದ ಪಕ್ಕದ ಕಿಟಕಿಯಲ್ಲಿಟ್ಟೆ. ನಿಮಗೆ ಗೊತ್ತೇ ಇದೆ, ಅಪ್ಪ ತೀರಿಕೊಂಡು ಐದು ತಿಂಗಳಾದರೂ ಅವ್ವ 'ಹೂಂ', 'ಬ್ಯಾಡ' ಬಿಟ್ಟು ಬೇರೆ ಮಾತಾಡಿರಲಿಲ್ಲ.

ನಿನ್ನೆ ಬೆಳಿಗ್ಗೆ ಚಹಾ ಕೊಡಲು ಹೋದರೆ ಎಲೆಯೊಂದನ್ನು ಹಿಡಿದು ಕೂತಿದ್ದಳು.

"ಸರಿತಾ, ಇದರ ಎಲಿ ಒಂದ ಕಡಿ ದೊಡ್ಡದು, ಒಂದ ಕಡಿ ಸಣ್ಣದು ಅದ. ಯಾಕ?"

ಚಹಾ ಕೆಳಗಿಟ್ಟು, ನನಗೆ ಗೊತ್ತಿಲ್ಲ ಎಂದೆ.

"ಸಾಲ್ಯಾಗ ಮಕ್ಕಳಿಗಿ ಏನ್ ಕಲಸ್ತಿ ಮತ್ತ?" ಎಂದು ಬೈದಳು. ಅವಳ ಬೈಗುಳ ಕೇಳಿ ಎಷ್ಟು ದಿನವಾಗಿತ್ತು!

ನಿಮಗೆ ಫೋನ್ ಮಾಡಿ ಕೇಳುತ್ತೇನೆ ಎಂದೆ. "ಫೋನ್ ಬ್ಯಾಡ, ಎಲಿ ಕಳಸು. ಜಹೀರ ಭಾಯಿನೇ ನೋಡಿ ಹೇಳ್ಲಿ" ಎಂದಳು. ಬೀದರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಪತ್ರದ ಜೊತೆ ಎಲೆ ಕಳಿಸಿದ್ದೇನೆ.

ಚಾಚಾ, ಉತ್ತರವನ್ನು ನನಗೆ ಹೇಳಬೇಡಿ. ಒಮ್ಮೆ ಬಂದು ಅವ್ವನಿಗೇ ಹೇಳಿ. ಬರುವಾಗ ಬೇರೆ ಜಾತಿಯ ಬೆಗೋನಿಯಾ ಇದ್ದರೆ ತನ್ನಿ. ಎರಡು ಸಾವಿರಕ್ಕೂ ಹೆಚ್ಚು ಜಾತಿಗಳಿವೆಯೆಂದು ನಿನ್ನೆ ಓದಿದೆ. ಅವ್ವನಿಗೆ ಇನ್ನೂ ಹೇಳಿಲ್ಲ.

ನಿಮ್ಮ ಮಗಳಂಥ
ಸರಿತಾ