ಸರ್ಕಾರಿ ಅಳತೆ

ಟಿ. ದಾಸರಹಳ್ಳಿ
ಭಾನುವಾರ

ಮಗಳು ಕಸ್ತೂರಿಗೆ,

ಇಲ್ಲಿ ನಾನೂ ನಿಮ್ಮವ್ವನೂ ಆರಾಮ ಇದ್ದೇವೆ. ನಮ್ಮ ಬಾಗಿಲ ಮುಂದಿನ ಬೇವಿನ ಮರ ಮಾತ್ರ ಇಲ್ಲ. ಬೇರೆಯವರಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ.

ದಸರಾ ರಜೆಗೆ ಬಂದಾಗ ನೀನು ಕಾಲೇಜಿನ ಕೆಲಸಕ್ಕೆಂದು ಆ ಮರಕ್ಕೆ ಟೇಪು ಸುತ್ತಿ, ಸೀಮೆಸುಣ್ಣದ ಗೆರೆ ಎಳೆದೆಯಲ್ಲ, ಅದನ್ನು ಮನೆ ಮಾಲೀಕ ಹನುಮಯ್ಯನವರು ನೋಡಿದ್ದರು. ನೀನು ಹೋದ ಮೇಲೆ, "ನಿಮ್ಮುಡ್ಗಿ ಮರ ಯಾಕ್ ಅಳೀತಿದ್ಲು?" ಎಂದು ಕೇಳಿದರು. ನಾನು ಮೀಸೆ ತಿರುವಿ, "ನನ್ನ ಮಗಳು ಫಾರೆಸ್ಟ್ ಆಫೀಸರ್ ಅದಾಳ್ರಿ. ಅದು ಸರ್ಕಾರಿ ಅಳತಿ" ಅಂದೆ. ಇನ್ನೂ ಫಾರೆಸ್ಟ್ರಿ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ ಎನ್ನಲು ಬಾಯಿ ಬರಲಿಲ್ಲ.

ಅಳತೆಯಾದರೆ ಪರ್ಮಿಷನ್ ಆದಂತೆಯೇ ಎಂದುಕೊಂಡು ಅವರು ಮರ ಕಡಿಸಿದರು, ಬಾಡಿಗೆ ರೂಮುಗಳಿಗೆ ಪಾಯ ತೆಗೆಸಿದರು. ನಿನ್ನೆ ಅರಣ್ಯ ಇಲಾಖೆಯ ಸಾಹೇಬರು ಬಂದು, ಮರ ಕಡಿಯಲು ಪರ್ಮಿಷನ್ ಎಲ್ಲಿ ಎಂದು ಕೇಳಿದರು. ಹನುಮಯ್ಯನವರು ನನ್ನನ್ನು ಕರೆದು, "ಇವ್ರ ಮಗಳೇ ಪರ್ಮಿಷನ್ ಕೊಟ್ಟವ್ಳೆ ಸಾರ್" ಅಂದುಬಿಟ್ಟರು.

ಇಡೀ ವಠಾರದ ಎದುರು ಕೈ ಮುಗಿದೆ. "ಇಲ್ರಿ ಸಾಹೇಬ್ರ, ಆಕಿ ಇನ್ನೂ ಓದಾಕತ್ತಾಳ. ನಾನೇ ಸುಳ್ಳ ಹೇಳಿದ್ದೆ" ಅಂದೆ. ಸಾಹೇಬರು ನಿನ್ನ ಹೆಸರು ಎಲ್ಲೂ ಬರೆದುಕೊಳ್ಳಲಿಲ್ಲ, ಹೆದರಬೇಡ.

ನಿಮ್ಮವ್ವ ಬಟ್ಟೆ ಒಣಹಾಕುವ ಹಗ್ಗ ಕಟ್ಟಲು ಬೇರೆ ಜಾಗ ಹುಡುಕುತ್ತಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಯುಗಾದಿಗೆ ತಪ್ಪದೆ ಬಾ. ಏನು ಓದುತ್ತೀ ಎಂದು ಯಾರಾದರೂ ಕೇಳಿದರೆ ನೀನೇ ಹೇಳು, ನಾನು ಬಾಯಿ ಬಿಡುವುದಿಲ್ಲ. ಟೇಪು ಮಾತ್ರ ಹಾಸ್ಟೆಲಿನಲ್ಲೇ ಇರಲಿ. ಹಬ್ಬದ ಬೇವನ್ನು ಈ ಸಲ ಮಾರ್ಕೆಟ್ಟಿನಿಂದ ತರುತ್ತೇನೆ.

ನಿನ್ನ ಅಪ್ಪ,
ಯಮನಪ್ಪ