ಆಡು ಮೂಸದ ಹುಲ್ಲು

ತರೀಕೆರೆ, ಸೋಮವಾರ

ಧರ್ಮೇಶ,

ನೀನು ಕಳಿಸಿದ ದೂರಿನ ಅರ್ಜಿಗೆ ನಾನು ಸಹಿ ಹಾಕಿಲ್ಲ. ಇದರ ಜೊತೆಗೇ ವಾಪಸ್ ಇಟ್ಟಿದ್ದೇನೆ. ಪಕ್ಕದ ಹೊಲದ ಹನೀಫಣ್ಣನ ಆಡುಗಳು ನಮ್ಮ ಬದುವಿನ ಲಾವಂಚ ಮೇಯ್ದವು ಎಂದು ಬರೆದಿದ್ದೀಯ. ನಿನ್ನೆ ಊರಿಗೆ, ಸಿಂಗಟಗೆರೆಗೆ, ಹೋಗಿ ನೋಡಿದೆ. ಮೇಯ್ದಿರುವುದು ನಿಜ.

ಹನೀಫಣ್ಣನ ಹೆಂಡತಿ ಹಮೀದುನ್ನೀಸಾ ನನ್ನನ್ನು ಕಂಡು ನಕ್ಕರು. "ಅಲ್ಲ ಕಣಮ್ಮಾ, ನಲವತ್ತು ವರ್ಷ ನಮ್ಮ ಆಡು ಮೂಸ್ದೇ ಇದ್ದ ಹುಲ್ಲು ಈಗ ಹೆಂಗೆ ರುಚಿಯಾಗ್ಬಿಡ್ತು?"

ಬಲಿತ ಲಾವಂಚದ ಗರಿ ಬಾಯಿ ಕೊಯ್ಯುತ್ತದೆ, ಆಡು ಮುಟ್ಟುವುದಿಲ್ಲ. ಕಿತ್ತು ಬೇರೆ ಕಡೆ ನೆಟ್ಟಾಗ ಬರುವ ಎಳೆ ಚಿಗುರನ್ನು ಮಾತ್ರ ಮೇಯುತ್ತದೆ. ಲಾವಂಚ ಗರಿಕೆಯ ಹಾಗೆ ಹಬ್ಬುವುದೂ ಇಲ್ಲ, ನೆಟ್ಟಲ್ಲೇ ದಪ್ಪವಾಗುತ್ತದೆ. ಅದಕ್ಕೇ ಅಪ್ಪ ಮತ್ತು ಹನೀಫಣ್ಣ ಸೇರಿ ಅದನ್ನು ಎರಡು ಹೊಲಗಳ ಗಡಿಗೆ ನೆಟ್ಟರು. ಸಾಲು ನೇರ ಬರಲೆಂದು ಎಳೆದ ಹಗ್ಗದ ತುದಿ ಹಿಡಿದವಳು ನಾನು. ನೀನಿನ್ನೂ ಹುಟ್ಟಿರಲಿಲ್ಲ. ಈಗ ಸಾಲು ಅವರ ಹೊಲದೊಳಕ್ಕೆ ನಾಲ್ಕು ಹೆಜ್ಜೆ ಹೋಗಿದೆ. ಹುಲ್ಲಿಗೆ ಕಾಲಿಲ್ಲ.

ಅಗೆದ ಮಣ್ಣಿನಿಂದ ಬೇರಿನ ಪರಿಮಳ ಬರುತ್ತಿತ್ತು. ನಾಚಿಕೆಯಿಂದ ಹಮೀದುನ್ನೀಸಾ ಕೊಟ್ಟ ಟೀ ಕುಡಿಯಲಾಗಲಿಲ್ಲ.

ಹಳೆಯ ಗೆರೆಯಲ್ಲಿ ನೀನು ಪೂರ್ತಿ ಕೀಳದೆ ಬಿಟ್ಟ ಒಂದು ಬುಡ ಚಿಗುರಿದೆ. ಹನೀಫಣ್ಣ ಕರೆಸಿರುವ ಸರ್ವೆಯವರು ಮುಂದಿನ ಬುಧವಾರ ಬರುತ್ತಾರೆ. ಅಷ್ಟರೊಳಗೆ ನೀನು ಕಿತ್ತು ಒಯ್ದದ್ದನ್ನೆಲ್ಲ ಆ ಬುಡದ ಸಾಲಿಗೆ ತಂದು ನೆಡು. ನೆಡದಿದ್ದರೆ ಅವತ್ತು ನಾನು ಅದರ ಪಕ್ಕ ನಿಂತಿರುತ್ತೇನೆ.

ಹಗ್ಗ ನಾನೇ ತರುತ್ತೇನೆ.

ಅಕ್ಕ,
ಗಂಗಾಂಬಿಕೆ